ಅಮ್ಮನ ಕೈ ಹಿಡಿದ ಲ್ಯಾಬ್ ತಂಗಿಗೆ

ಅಮ್ಮನಿಗೆ ವಿಪರೀತ ಚಳಿಜ್ವರ. ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿ ರೋಗಾಣು ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆ) ರಕ್ತ ತೆಗೆಯಬೇಕು ಎಂದರು ಡಾಕ್ಟರು. ಅಮ್ಮನ ನರ ಸಿಗುವುದೇ ಕಷ್ಟ. ಸೂಜಿ ಎಂದ ಕೂಡಲೇ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ರಾತ್ರಿ ಪಾಳಿಯ ಲ್ಯಾಬ್ ಹುಡುಗಿ ಟ್ರೇ ಪಕ್ಕಕ್ಕಿಟ್ಟು, ಮೊದಲು ಆ ಕೈಯನ್ನು ತಮ್ಮ ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡಿದರು. "ಅಮ್ಮಾ, ಕೈ ಕೆಳಗೆ ಇಳಿಬಿಡಿ, ಅವಸರ ಏನಿಲ್ಲ." ಬೆರಳಲ್ಲಿ ತಡವಿ ನರ ಹುಡುಕಿದರು. ಚರ್ಮವನ್ನು ಔಷಧಿಯಿಂದ ಉಜ್ಜಿ, ಅದು ತಾನಾಗಿ ಒಣಗುವ ತನಕ ಕಾದರು. ಮತ್ತೆ ಆ ಜಾಗ ಮುಟ್ಟಲಿಲ್ಲ. ನನ್ನ ಚಡಪಡಿಕೆ ನೋಡಿ, "ಚರ್ಮದ ಮೇಲಿನ ಕೀಟಾಣು ಬಾಟಲಿಗೆ ಹೋದ್ರೆ ರಿಪೋರ್ಟೇ ದಾರಿ ತಪ್ಪಿಸುತ್ತೆ ಅಣ್ಣ" ಎಂದರು. ಬಾಟಲಿಯ ರಬ್ಬರ್ ಮುಚ್ಚಳಕ್ಕೂ ಸ್ಪಿರಿಟ್ ಒರೆಸಿದರು.

ಹಾಕಿದ್ದು ಸಣ್ಣ ಟ್ಯೂಬ್ ಜೋಡಿಸಿದ, ತೆಳುವಾದ ಬಟರ್‌ಫ್ಲೈ ಸೂಜಿ. ಅದರ ಟ್ಯೂಬಿನ ಗಾಳಿ ಏರೋಬಿಕ್ (ಆಮ್ಲಜನಕದಲ್ಲಿ ಬೆಳೆಯುವ ರೋಗಾಣುಗಳ) ಬಾಟಲಿಗೇ ಹೋಗಲಿ ಎಂದು ಆ ಬಾಟಲಿಯನ್ನು ಮೊದಲು ತುಂಬಿ, ಅನೇರೋಬಿಕ್ (ಆಮ್ಲಜನಕವಿಲ್ಲದೆ ಬೆಳೆಯುವವುಗಳ) ಬಾಟಲಿ ಆಮೇಲೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಕೊನೆಗೆ. ಒಂದೊಂದು ಬಾಟಲಿಗೂ 8ರಿಂದ 10 ಮಿ.ಲೀ. ರಕ್ತ. ಇನ್ನೊಂದು ಕೈಯಿಂದಲೂ ಬೇಕು ಎಂದಾಗ ಅಮ್ಮ ತಾವಾಗಿಯೇ ಕೈ ಚಾಚಿದರು! ನನ್ನ ಎದೆ ಹಗುರಾಯಿತು.

ಹಾಸಿಗೆಯ ಪಕ್ಕದಲ್ಲೇ ಅಮ್ಮನ ಬಾಯಿಂದ ಹೆಸರು ಕೇಳಿ, ಯಾವ ಕೈ, ಎಷ್ಟು ಹೊತ್ತಿಗೆ ಎಂದು ಲೇಬಲ್ ಬರೆದು, ಹೊದಿಕೆ ಸರಿಮಾಡಿ ಹೊರಟರು.

ಎರಡೂ ಕೈಯ ಬಾಟಲಿಗಳಲ್ಲಿ ಒಂದೇ ರೋಗಾಣು ಬೆಳೆದಿತ್ತು. ಅದಕ್ಕೆ ಹೊಂದುವ ಔಷಧಿ ಕೊಟ್ಟರು, ಜ್ವರ ಇಳಿಯಿತು. ಅಮ್ಮ ಈಗ ಮನೆಯಲ್ಲಿದ್ದಾರೆ, ನಿಮ್ಮನ್ನು ಕೇಳುತ್ತಿರುತ್ತಾರೆ. ತುಂಬಾ ಧನ್ಯವಾದ, ತಂಗಿ.