ಹಿಂಬದಿ ಆಕ್ಸಲ್ ರಿಪೇರಿಯಲ್ಲಿ ಸ್ಪೇಸರ್ ಹಾಕದೆ ಗಾಡಿ ಕೊಟ್ಟ ಬಗ್ಗೆ ದೂರು

ಸರ್ವಿಸ್ ಮ್ಯಾನೇಜರ್ ಅವರಿಗೆ,

ವಿಷಯ: ನನ್ನ ಹಳೆಯ 90 ಸಿಸಿ ಎಟಿವಿಯ (ಕಚ್ಚಾ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ) ಹಿಂಬದಿ ಆಕ್ಸಲ್ (ಎರಡು ಚಕ್ರ ಕೂರುವ ಅಚ್ಚು) ರಿಪೇರಿ, ಮತ್ತು ಅದನ್ನು ಕೇಳಲು ಬಂದಾಗ ನಿಮ್ಮ ಕೌಂಟರಿನಲ್ಲಿ ನಡೆದದ್ದು.

ಮಾನ್ಯರೇ,

ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. "ಸಾರ್ ಮೀಟಿಂಗ್‌ನಲ್ಲಿದ್ದಾರೆ, ನಾವೇ ಕಾಲ್ ಮಾಡ್ತೀವಿ ಮೇಡಂ" ಅಂದರು. ಯಾರೂ ಮಾಡಲಿಲ್ಲ. ಇನ್ನು ಮಾತು ಬೇಡ ಅಂತ ಬರೆದು ಕೊಡುತ್ತಿದ್ದೇನೆ.

ಗಾಡಿ ನಿಮ್ಮಲ್ಲಿ ಬಿಟ್ಟಿದ್ದು ಒಂದೇ ಕೆಲಸಕ್ಕೆ. ಹಿಂದಿನ ಚಕ್ರ ಅಲ್ಲಾಡುತ್ತಿತ್ತು. ಜಾಕ್ ಹಾಕಿ ಎತ್ತಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಕಟಕಟ ಅನ್ನುತ್ತಿತ್ತು. ಬೇರಿಂಗ್ ಹೋಗಿದೆ ಅಂತ ಯಾರಿಗಾದರೂ ಗೊತ್ತಾಗುತ್ತೆ. ಜಾಬ್ ಕಾರ್ಡಿನಲ್ಲೂ ಹಾಗೇ ಬರೆಸಿದ್ದೆ: ಆಕ್ಸಲ್ ಬೇರಿಂಗ್ ಎರಡು, ಆಯಿಲ್ ಸೀಲ್ ಎರಡು ಬದಲಿಸಿ, ಆಕ್ಸಲ್ ಬೆಂಡ್ ಇದೆಯಾ ನೋಡಿ, ಹಬ್ ಸ್ಪ್ಲೈನ್ (ಚಕ್ರ ಕೂರುವ ಹಬ್ಬನ್ನು ಆಕ್ಸಲ್‌ಗೆ ಕಚ್ಚಿಸುವ ಹಲ್ಲುಗಳು) ನೋಡಿ. ನಿಮ್ಮವರು ಎಲ್ಲದರ ಮುಂದೆಯೂ ಟಿಕ್ ಹಾಕಿ, ಸಹಿ ಮಾಡಿ, ಪೂರ್ತಿ ಹಣ ತೆಗೆದುಕೊಂಡು ಗಾಡಿ ಕೊಟ್ಟರು.

ಕೆಲವೇ ವಾರ. ಮತ್ತೆ ಅದೇ ಶಬ್ದ, ಈ ಸಲ ಇನ್ನೂ ಜೋರು. ಬಲಗಡೆ ಚಕ್ರ ಮೊದಲಿಗಿಂತ ಜಾಸ್ತಿ ಅಲ್ಲಾಡತೊಡಗಿತು. ಸ್ವಲ್ಪ ಓಡಿಸಿ ನಿಲ್ಲಿಸಿದರೆ ಬೇರಿಂಗ್ ಇರುವ ಜಾಗ ಕೈ ಇಡಲಾಗದಷ್ಟು ಬಿಸಿ. ಅವತ್ತೇ ಗಾಡಿ ನಿಲ್ಲಿಸಿದೆ. ನಿಮ್ಮಲ್ಲಿಗೆ ಬಂದೆ.

ಅವತ್ತು ನಡೆದದ್ದನ್ನು ಬಿಡದೆ ಹೇಳಬೇಕು. ನೀವು ಅಲ್ಲಿರಲಿಲ್ಲ. ನಿಮ್ಮ ಬೋರ್ಡಿನ ಕೆಳಗೆ ಏನು ನಡೆಯುತ್ತಿದೆ ಅಂತ ನಿಮಗೆ ಗೊತ್ತಾಗಲಿ.

ಕೌಂಟರಿನಲ್ಲಿ ನಾಲ್ಕೈದು ಜನ ಇದ್ದರು. ನನ್ನ ಜೊತೆ ಮಗಳಿದ್ದಳು. ಆ ಗಾಡಿ ಓಡಿಸುವುದು ಅವಳೇ. ಸರ್ವಿಸ್ ಅಡ್ವೈಸರ್‌ಗೆ ಜಾಬ್ ಕಾರ್ಡ್ ತೋರಿಸಿ ವಿಷಯ ಹೇಳಿದೆ. ಅವರು ಕಾರ್ಡ್ ಮುಟ್ಟಲಿಲ್ಲ. ಹೊರಗೆ ಬಂದು, ನಿಂತಿದ್ದ ಗಾಡಿಯ ಟೈರಿಗೆ ಶೂ ಕಾಲಿನಿಂದ ಎರಡು ಸಲ ಒದ್ದರು. "ಎಲ್ಲಿ ಮೇಡಂ ಅಲ್ಲಾಡತ್ತೆ? ಗಟ್ಟಿ ಇದೆಯಲ್ಲ" ಅಂದರು. ನೆಲದ ಮೇಲೆ ಭಾರ ಹೊತ್ತು ನಿಂತಿರುವ ಚಕ್ರ ಹೇಗೆ ಅಲ್ಲಾಡುತ್ತೆ? ದಯವಿಟ್ಟು ಜಾಕ್ ಹಾಕಿ ಎತ್ತಿ ನೋಡಿ ಅಂದೆ. "ಹಳೇ ಗಾಡಿ ಮೇಡಂ. ಶಬ್ದ ಬಂದೇ ಬರತ್ತೆ. ನಾವೇನು ಹೊಸದು ಮಾಡಿಕೊಡೋಕೆ ಆಗತ್ತಾ?"

ಹೊಸದು ಮಾಡಿ ಅಂತ ಕೇಳುತ್ತಿಲ್ಲ, ಹಾಕಿದ ಬೇರಿಂಗ್ ಯಾಕೆ ಇಷ್ಟು ಬೇಗ ಹೋಯ್ತು ಅಂತ ಕೇಳುತ್ತಿದ್ದೇನೆ ಅಂದೆ. ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಹಿಡಿದುಕೊಂಡ ಹಾಗಿದೆ, ಒಳಗೆ ಏನೋ ತಪ್ಪು ಜೋಡಣೆ ಆಗಿರಬೇಕು ಅಂತಲೂ ಹೇಳಿದೆ. ಅದಕ್ಕೆ ಅವರು, ಅಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ, "ಮೇಡಂ, ಮನೇಲಿ ಗಾಡಿ ವಿಷಯ ಗೊತ್ತಿರೋ ಗಂಡಸರು ಯಾರಾದ್ರೂ ಇದ್ರೆ ಕಳಿಸಿ. ಅವರಿಗೆ ಹೇಳಿದ್ರೆ ಅರ್ಥ ಆಗತ್ತೆ" ಅಂದರು. ಇಬ್ಬರು ನಕ್ಕರು. ಅವರಲ್ಲಿ ಒಬ್ಬರು ನಿಮ್ಮ ಕ್ಯಾಷಿಯರ್.

ನಾನು ಸಿಟ್ಟು ಮಾಡಲಿಲ್ಲ. ನನ್ನ ಹಳೇ ಪಾರ್ಟ್ಸ್ ಕೊಡಿ ಅಂದೆ. ಬದಲಿಸಿದ ಭಾಗಗಳನ್ನು ಗ್ರಾಹಕರಿಗೆ ವಾಪಸ್ ಕೊಡಬೇಕು ಅಂತ ನಿಮ್ಮ ಜಾಬ್ ಕಾರ್ಡಿನ ಹಿಂದೆಯೇ ಅಚ್ಚಾಗಿದೆ. ಗಾಡಿ ತೆಗೆದುಕೊಳ್ಳುವಾಗಲೂ ಕೇಳಿದ್ದೆ, ಆಮೇಲೆ ಕೊಡುತ್ತೇವೆ ಅಂದಿದ್ದರು. ಅಡ್ವೈಸರ್ ಒಬ್ಬ ಹುಡುಗನನ್ನು ಕರೆದು ಏನೋ ಹೇಳಿದರು. ಅವನು ಒಳಗಿನಿಂದ ಒಂದು ಹಳೇ ಗ್ರೀಸ್ ಡಬ್ಬ ತಂದು ನನ್ನ ಕಾಲ ಹತ್ತಿರ ಇಟ್ಟ. ಅದರ ತುಂಬ ಬೇರಿಂಗ್‌ಗಳು. "ಇದ್ರಲ್ಲಿ ನಿಮ್ದು ಯಾವ್ದು ಅಂತ ಆರಿಸ್ಕೊಳ್ಳಿ ಮೇಡಂ."

ನಾನು ಕೂತೆ. ಆಯಿಲ್ ಚೆಲ್ಲಿದ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಆ ಕಪ್ಪು ಗ್ರೀಸಿನೊಳಗೆ ಕೈ ಹಾಕಿ, ಒಂದೊಂದೇ ಬೇರಿಂಗ್ ತೆಗೆದು, ದುಪಟ್ಟಾದ ತುದಿಯಿಂದ ಒರೆಸಿ ನಂಬರ್ ಓದಿದೆ. ನನ್ನ ಗಾಡಿಯದು 6006, ಒಳಗಿನ ತೂತು 30 ಮಿಲಿಮೀಟರ್. ಡಬ್ಬದಲ್ಲಿದ್ದವು 6202, 6301. ಅಂದರೆ 15 ಮತ್ತು 12 ಮಿಲಿಮೀಟರ್‌ನವು. ನನ್ನ ಆಕ್ಸಲ್ ಅವುಗಳೊಳಗೆ ತೂರುವುದೇ ಇಲ್ಲ. ಅಷ್ಟು ಹೊತ್ತೂ ನಿಮ್ಮ ಅಡ್ವೈಸರ್ ಪಕ್ಕದಲ್ಲೇ ನಿಂತು ಮೊಬೈಲ್ ನೋಡುತ್ತಿದ್ದರು. ಇದರಲ್ಲಿ ನನ್ನದು ಒಂದೂ ಇಲ್ಲ ಅಂತ ಹೇಳಿದಾಗ ತಲೆ ಎತ್ತದೆ, "ಸಿಗದಿದ್ರೆ ಬೇರೆ ಯಾವ್ದಾದ್ರೂ ಎರಡು ತಗೊಂಡ್ಹೋಗಿ" ಅಂದರು. ಕೈ ಒರೆಸಿಕೊಳ್ಳಲು ಒಂದು ಬಟ್ಟೆ ಕೊಡಿ ಅಂದರೆ ಹುಡುಗ ಅವರ ಮುಖ ನೋಡಿದ, ಅವರು ಏನೂ ಹೇಳಲಿಲ್ಲ. "ಅಮ್ಮಾ, ಹೋಗೋಣ ಬಾ" ಅಂತ ಮಗಳು ತೋಳು ಹಿಡಿದು ಎಳೆದಳು. ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ನಾನು ಮರೆಯುವುದಿಲ್ಲ.

ಆಮೇಲೆ ಗಾಡಿಯನ್ನು ಬೇರೆ ಮೆಕ್ಯಾನಿಕ್ ಹತ್ತಿರ ಒಯ್ದೆ. ನನ್ನ ಕಣ್ಣೆದುರೇ ಬಿಚ್ಚಿದರು, ಒಂದೊಂದು ಹಂತಕ್ಕೂ ಫೋಟೋ ತೆಗೆದಿದ್ದೇನೆ. ಅಲ್ಲಿ ಕಂಡದ್ದು ಇದು.

ಬೇರಿಂಗ್ ಹೌಸಿಂಗ್ ಒಳಗೆ ಎರಡು ಬೇರಿಂಗ್‌ಗಳ ನಡುವೆ ಇರಬೇಕಾದ ಸ್ಪೇಸರ್ ಕೊಳವೆ ಇರಲಿಲ್ಲ. ಸವೆದಿರಲಿಲ್ಲ, ಮುರಿದಿರಲಿಲ್ಲ. ಇರಲೇ ಇಲ್ಲ. ಹಳೇ ಬೇರಿಂಗ್ ಹೊಡೆದು ತೆಗೆಯುವಾಗ ಕೆಳಗೆ ಬಿದ್ದದ್ದನ್ನು ವಾಪಸ್ ಹಾಕದೆ ಮುಚ್ಚಿದ್ದೀರಿ.

ಆ ಕೊಳವೆ ಎಷ್ಟು ಮುಖ್ಯ ಅಂತ ನಿಮ್ಮ ಫೋರ್‌ಮನ್‌ಗೆ ಗೊತ್ತಿಲ್ಲದೆ ಇರುತ್ತಾ? ಈ ಗಾಡಿಯಲ್ಲಿ ಆಕ್ಸಲ್ ತುದಿಯ ನಟ್ ಬಿಗಿದಾಗ ಆ ಒತ್ತಡ ಹಬ್ ದಾಟಿ ಬೇರಿಂಗ್‌ನ ಒಳಬಳೆಗೆ ಬರುತ್ತೆ. ಅಲ್ಲಿಂದ ಸ್ಪೇಸರ್ ಮೂಲಕ ಆಚೆ ಬೇರಿಂಗ್‌ನ ಒಳಬಳೆಗೆ ಹೋಗುತ್ತೆ. ಸ್ಪೇಸರ್ ಇಲ್ಲದಿದ್ದರೆ ಎರಡೂ ಒಳಬಳೆಗಳು ಒಂದರ ಕಡೆಗೆ ಒಂದು ಜರುಗುತ್ತವೆ. ಹೊರಬಳೆಗಳು ಹೌಸಿಂಗ್‌ನಲ್ಲಿ ಕೂತಲ್ಲೇ ಕೂತಿರುತ್ತವೆ. ನಡುವಿನ ಗುಂಡುಗಳು ಅಡ್ಡಡ್ಡ ಒತ್ತಿಸಿಕೊಂಡು ತಿರುಗಬೇಕು. ಬಿಸಿಯಾಗುತ್ತೆ, ಗ್ರೀಸ್ ಕರಗಿ ಹೋಗುತ್ತೆ, ಬೇರಿಂಗ್ ಸಾಯುತ್ತೆ. ಕೈ ಇಡಲಾಗದಷ್ಟು ಬಿಸಿ ಯಾಕಿತ್ತು ಅನ್ನುವುದಕ್ಕೆ ಉತ್ತರ ಇಷ್ಟೇ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸ್ಪೇಸರ್ ಇಲ್ಲದೆ ನಟ್ ಸರಿಯಾಗಿ ಬಿಗಿದರೆ ಚಕ್ರ ತಿರುಗುವುದೇ ಇಲ್ಲ. ಅದು ನಿಮ್ಮ ಮೆಕ್ಯಾನಿಕ್‌ಗೆ ಅಲ್ಲೇ ಗೊತ್ತಾಗಿರಬೇಕು. ಯಾಕೆ ಹೀಗೆ ಅಂತ ಬಿಚ್ಚಿ ನೋಡುವ ಬದಲು, ಚಕ್ರ ತಿರುಗುವ ತನಕ ನಟ್ ಸಡಿಲ ಮಾಡಿದ್ದಾರೆ. ಬೇರೆ ಮೆಕ್ಯಾನಿಕ್, ನಟ್ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ತೆಗೆದಾಗ ಬಲಗಡೆಯ ಆ ದೊಡ್ಡ ಕ್ಯಾಸಲ್ ನಟ್ ಬೆರಳಲ್ಲೇ ತಿರುಗಿತು. ಪಾನಾ ಬೇಕಾಗಲಿಲ್ಲ. ಪಿನ್ ಕೂಡ ಹಳೆಯದೇ, ನೆಟ್ಟಗೆ ಮಾಡಿ ಮತ್ತೆ ಬಗ್ಗಿಸಿದ್ದು. ಒಂದು ಕಾಲು ಮುರಿದು ಹೋಗಿತ್ತು. ಆ ಚಕ್ರವನ್ನು ಗಾಡಿಯಲ್ಲಿ ಹಿಡಿದಿಟ್ಟಿದ್ದು ಒಂಟಿ ಕಾಲಿನ ಆ ತಂತಿ ಚೂರು ಮಾತ್ರ.

ನಟ್ ಸಡಿಲ ಇದ್ದುದರಿಂದ ಹಬ್ ಆಕ್ಸಲ್ ಮೇಲೆ ಹಿಂದೆ ಮುಂದೆ ಆಡಿದೆ. ಸ್ಪ್ಲೈನ್ ಹಲ್ಲುಗಳು ಚೂಪಾಗಿ ಸವೆದಿವೆ. ನಾನು ಕೊಟ್ಟಾಗ ಅವು ಚೆನ್ನಾಗಿದ್ದವು, ನಿಮ್ಮ ಜಾಬ್ ಕಾರ್ಡಿನಲ್ಲಿ ಸ್ಪ್ಲೈನ್ ಸರಿ ಇದೆ ಅಂತ ನೀವೇ ಟಿಕ್ ಹಾಕಿದ್ದೀರಿ. ಅಂದರೆ ಬೇರಿಂಗ್ ಬದಲಿಸಲು ಕೊಟ್ಟ ಗಾಡಿಗೆ ಈಗ ಆಕ್ಸಲ್ಲೂ ಹೊಸದು ಬೇಕು, ಹಬ್ಬೂ ಹೊಸದು ಬೇಕು. ಹಳೇ ಮಾಡೆಲ್ ಆದ್ದರಿಂದ ಆಕ್ಸಲ್ ಸುಲಭಕ್ಕೆ ಸಿಗುವುದೂ ಇಲ್ಲ.

ಈ ಗಾಡಿಗೆ ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇಲ್ಲ ಅನ್ನುವುದು ನಿಮಗೆ ಗೊತ್ತು. ಹಿಂದಿನ ಎರಡೂ ಚಕ್ರಕ್ಕೆ ಒಂದೇ ಆಕ್ಸಲ್. ಹಿಂದಿನ ಬ್ರೇಕ್ ಹಿಡಿಯುವುದೂ ಆ ಆಕ್ಸಲ್ಲನ್ನೇ, ಚಕ್ರವನ್ನಲ್ಲ. ಸ್ಪ್ಲೈನ್ ಪೂರ್ತಿ ಸವೆದರೆ ಆ ಚಕ್ರಕ್ಕೆ ಎಳೆತವೂ ಇಲ್ಲ, ಬ್ರೇಕೂ ಇಲ್ಲ. ಪಿನ್ ಹೋಗಿ ನಟ್ ಬಿದ್ದರೆ ಚಕ್ರವೇ ಕಳಚಿ ಹೋಗುತ್ತೆ. ಇಳಿಜಾರಿನಲ್ಲಿ ಹಾಗಾಗಿದ್ದರೆ? ಗಾಡಿ ಮೇಲೆ ಇದ್ದದ್ದು ನನ್ನ ಮಗಳು. ಈ ಸಾಲು ಬರೆಯುವಾಗಲೂ ನನ್ನ ಕೈ ನಡುಗುತ್ತಿದೆ.

ಇನ್ನು ಬೇರಿಂಗ್. ಎರಡೂ ಪಕ್ಕ ರಬ್ಬರ್ ಸೀಲ್ ಇರುವ 2ಆರ್‌ಎಸ್ ಅಂತ ಬಿಲ್ಲಿನಲ್ಲಿದೆ. ಒಳಗೆ ಸಿಕ್ಕಿದ್ದು ಬರೀ ತಗಡಿನ ಮುಚ್ಚಳದ ಝಡ್‌ಝಡ್. ತಗಡು ದಪ್ಪ ಧೂಳು ತಡೆಯಬಹುದು, ಕೆಸರು ನೀರು ತಡೆಯುವುದಿಲ್ಲ. ಕೆಸರಲ್ಲೇ ಓಡುವ ಗಾಡಿಗೆ ಅದನ್ನು ಹಾಕುತ್ತಾರಾ? ಆಕ್ಸಲ್ ತುದಿಗೆ ನೇರವಾಗಿ ಸುತ್ತಿಗೆಯಲ್ಲಿ ಹೊಡೆದು, ನಟ್ ಕೂರುವ ಥ್ರೆಡ್ ಕೆಡಿಸಿದ್ದಾರೆ. ಅದರ ಫೋಟೋ ಕೂಡ ಇದೆ.

"ಹಳೇ ಗಾಡಿ" ಅನ್ನುವ ಮಾತು ಇನ್ನೊಂದು ಸಲ ನನಗೆ ಹೇಳಬೇಡಿ. ಗಾಡಿ ಹಳೆಯದಾದರೆ ಸ್ಪೇಸರ್ ತಾನಾಗಿಯೇ ಎದ್ದು ಹೊರಗೆ ಹೋಗುವುದಿಲ್ಲ. ಹಳೇ ಗಾಡಿ ನಿಮ್ಮಿಂದ ಆಗುವುದಿಲ್ಲ ಅಂದರೆ ಮೊದಲ ದಿನವೇ ಹೇಳಬೇಕಿತ್ತು. ಹಣ ತೆಗೆದುಕೊಳ್ಳುವಾಗ ಅದು ಹಳೇ ಗಾಡಿ ಅಂತ ಯಾರಿಗೂ ನೆನಪಾಗಲಿಲ್ಲ ಅಲ್ವಾ?

ನಿಮ್ಮ ನಿಯಮಗಳನ್ನು ನಿಮಗೆ ನಾನು ಓದಿ ಹೇಳಬೇಕಾಗಿಲ್ಲ. ಮಾಡಿದ ಕೆಲಸಕ್ಕೆ ಗ್ಯಾರಂಟಿ, ಕೊಡುವ ಮೊದಲು ಓಡಿಸಿ ನೋಡುವುದು, ಹಳೇ ಭಾಗ ವಾಪಸ್ ಕೊಡುವುದು, ಮೂರೂ ನಿಮ್ಮ ಕಾರ್ಡಿನಲ್ಲೇ ಇವೆ. ಮೂರನ್ನೂ ಮುರಿದಿದ್ದೀರಿ.

ನನಗೆ ಬೇಕಾದದ್ದು: ಹೊಸ ಆಕ್ಸಲ್, ಬಲಗಡೆ ಹಬ್, ಸ್ಪೇಸರ್, ಬೇರಿಂಗ್, ಸೀಲ್, ಎಲ್ಲದರ ಖರ್ಚು ನಿಮ್ಮದು. ಕೆಲಸ ನಿಮ್ಮಲ್ಲಿ ಆಗುವುದು ಬೇಡ. ನನ್ನ ಮಗಳು ಹತ್ತುವ ಗಾಡಿಯನ್ನು ನಿಮ್ಮವರು ಮತ್ತೆ ಮುಟ್ಟುವುದು ನನಗೆ ಬೇಡ. ಮೊದಲು ಕೊಟ್ಟ ಹಣವೂ ವಾಪಸ್ ಬರಬೇಕು. ಆ ಅಡ್ವೈಸರ್ ಬರಹದಲ್ಲಿ ಕ್ಷಮೆ ಕೇಳಬೇಕು, ನನ್ನನ್ನೊಬ್ಬಳನ್ನೇ ಅಲ್ಲ, ನನ್ನ ಮಗಳನ್ನೂ.

ಬಿಚ್ಚಿದ ಆಕ್ಸಲ್, ಹಬ್, ನಟ್, ಆ ಪಿನ್, ಸುಟ್ಟ ಬೇರಿಂಗ್ ಎಲ್ಲವನ್ನೂ ಚೀಲಕ್ಕೆ ಹಾಕಿ ಸೀಲ್ ಮಾಡಿ ಇಟ್ಟಿದ್ದೇನೆ. ಬಿಚ್ಚಿದ ಮೆಕ್ಯಾನಿಕ್ ತಾವು ಕಂಡದ್ದನ್ನು ಬರೆದು ಸಹಿ ಮಾಡಿ ಕೊಟ್ಟಿದ್ದಾರೆ. ಈ ಪತ್ರದ ಪ್ರತಿ, ಫೋಟೋಗಳ ಜೊತೆ, ಗಾಡಿ ತಯಾರಿಸಿದ ಕಂಪನಿಗೂ ಇವತ್ತೇ ಹೋಗುತ್ತಿದೆ. ನೀವು ಅವರ ಹೆಸರಿನ ಬೋರ್ಡ್ ಹಾಕಿಕೊಂಡಿದ್ದೀರಿ, ಆ ಬೋರ್ಡಿನ ಕೆಳಗೆ ಏನು ನಡೆಯುತ್ತೆ ಅಂತ ಅವರಿಗೂ ಗೊತ್ತಾಗಬೇಕು.

ಪತ್ರ ತಲುಪಿದ 15 ದಿನದೊಳಗೆ ಬರಹದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆ. ಆಗ ಬರೀ ರಿಪೇರಿ ಖರ್ಚು ಕೇಳುವುದಿಲ್ಲ. ಸಡಿಲ ನಟ್ ಹಾಕಿ, ಸುರಕ್ಷಿತ ಅಂತ ಸಹಿ ಮಾಡಿ, ಮಗು ಓಡಿಸುವ ಗಾಡಿ ಕೊಟ್ಟದ್ದಕ್ಕೂ ಕೇಳುತ್ತೇನೆ. ಆ ಸಹಿ ಯಾರದು, ನಟ್ ಸಡಿಲ ಮಾಡಿದ್ದು ಯಾರು ಅಂತ ನಿಮ್ಮ ಬಾಯಿಂದಲೇ ಹೇಳಿಸುತ್ತೇನೆ. ನಿಮ್ಮಲ್ಲಿ ಎಟಿವಿ ಸರ್ವಿಸ್ ಮಾಡಿಸಿದ, ನನಗೆ ಗೊತ್ತಿರುವ ಎಲ್ಲರಿಗೂ ಹಿಂದಿನ ಚಕ್ರ ಎತ್ತಿ ಅಲುಗಿಸಿ ನೋಡಿ ಅಂತ ಈಗಾಗಲೇ ಹೇಳಲು ಶುರು ಮಾಡಿದ್ದೇನೆ. ಅದನ್ನು ಮಾತ್ರ ನೀವು ಏನು ಕೊಟ್ಟರೂ ನಿಲ್ಲಿಸುವುದಿಲ್ಲ.

ಫೋನ್ ಮಾಡಬೇಡಿ. ಬರೆದು ಕಳಿಸಿ.

ಇಂತಿ,
ನಿಮ್ಮ ಗ್ರಾಹಕಿ

ಜೊತೆಗೆ ಇಟ್ಟಿರುವುದು: ಜಾಬ್ ಕಾರ್ಡ್ ಮತ್ತು ಬಿಲ್ಲಿನ ಪ್ರತಿ, ಫೋಟೋಗಳು, ಮೆಕ್ಯಾನಿಕ್ ಬರೆದುಕೊಟ್ಟ ಹೇಳಿಕೆ.