ಎಲ್ಲಾ ಗೇಮೂ ರಮ್ಮಿ ಅಲ್ಲ ಸಾರ್

ಸಂಪಾದಕರಿಗೆ ನಮಸ್ಕಾರ,

ಹೋದ ತಿಂಗಳು ನಿಮ್ಮ ಭಾನುವಾರದ ಪುರವಣಿಲಿ ಗೇಮಿಂಗ್ ಚಟದ ಬಗ್ಗೆ ಪುಟ ತುಂಬಾ ಲೇಖನ ಬಂದಿತ್ತಲ್ಲ, ಅದನ್ನ ಓದಿದ ಮೇಲೆ ಬರೀತಿರೋದು. ಚಟ ಅನ್ನೋದು ಸುಳ್ಳು ಅಂತ ನಾನು ವಾದ ಮಾಡಲ್ಲ. ನಿಮ್ಹಾನ್ಸ್‌ನಲ್ಲಿ 2014ರಿಂದ ಇಂಥಾ ಮೊಬೈಲ್, ಇಂಟರ್ನೆಟ್, ಗೇಮ್ ಚಟಗಳಿಗೆ ಅಂತಾನೇ ಷಟ್ ಕ್ಲಿನಿಕ್ ನಡೀತಿದೆ, ವಿಶ್ವ ಆರೋಗ್ಯ ಸಂಸ್ಥೆನೂ ಗೇಮಿಂಗ್ ಡಿಸಾರ್ಡರ್‌ನ ತನ್ನ ಕಾಯಿಲೆ ಪಟ್ಟಿಗೆ ಸೇರಿಸ್ಕೊಂಡಿದೆ. ಆದ್ರೆ ಆ ಲೇಖನದಲ್ಲಿ ಆನ್‌ಲೈನ್ ರಮ್ಮಿಲಿ ದುಡ್ಡು ಕಳ್ಕೊಂಡೋರು, ರಾತ್ರಿಯೆಲ್ಲಾ ಮೊಬೈಲಲ್ಲಿ ಢಂ ಢಂ ಅನ್ನಿಸ್ಕೊಂಡು ಕೂರೋ ಹುಡುಗ್ರು, ಟೀವಿಗೆ ಹಾಕಿ ಆಡೋ ಕನ್ಸೋಲು ಎಲ್ಲವನ್ನೂ ಒಂದೇ ಮೂಟೆಗೆ ತುಂಬಿ ಬಾಯಿ ಕಟ್ಟಿಬಿಟ್ಟಿದ್ರಿ. 2025ರ ಆಗಸ್ಟಲ್ಲಿ ಪಾರ್ಲಿಮೆಂಟಲ್ಲಿ ಪಾಸಾದ ಆನ್‌ಲೈನ್ ಗೇಮಿಂಗ್ ಕಾಯ್ದೆನೇ ದುಡ್ಡಿಟ್ಟು ಆಡೋದು ಬೇರೆ, ಇ-ಸ್ಪೋರ್ಟ್ಸ್ ಅನ್ನೋ ಗೇಮ್ ಪಂದ್ಯಾವಳಿ ಬೇರೆ, ಸುಮ್ನೆ ಮಜಕ್ಕೆ ಆಡೋದು ಬೇರೆ ಅಂತ ಬಿಡಿಸಿ ಬರೆದಿರುವಾಗ ಪೇಪರ್ನೋರಿಗೆ ಏನು ಕಷ್ಟ? ಅದೂ ಹೋಗ್ಲಿ, ಕೊನೇಲಿ ಗೇಮ್ ಆಡೋ ಮಗು ಒಂಟಿ ಆಗುತ್ತೆ ಅಂತ ಒಂದು ಸಾಲು ಬರೆದಿದ್ರಲ್ಲ, ನನಗೆ ಸಿಟ್ಟು ಬಂದಿದ್ದು ಅಲ್ಲಿ. ಯಾಕಂದ್ರೆ ಅದನ್ನ ಓದ್ದಾಗ ನಾನೂ ನಮ್ಮ ಚಿಕ್ಕಪ್ಪನ ಮಗನೂ ಒಂದೇ ಚಾಪೆ ಮೇಲೆ ಕೂತು, ಹದಿನೇಳು ವರ್ಷದ ಹಿಂದೆ ಅರ್ಧಕ್ಕೆ ಬಿಟ್ಟಿದ್ದ ಒಂದು ಆಟಾನ ಮತ್ತೆ ಆಡ್ತಾ, ಜಗಳ ಆಡ್ತಾ ಇದ್ವಿ.

ಆಟದ ಹೆಸರು ಬಾಲ್ಡರ್ಸ್ ಗೇಟ್ ಡಾರ್ಕ್ ಅಲಯನ್ಸ್. 2001ರ ಡಿಸೆಂಬರಲ್ಲಿ ಪ್ಲೇಸ್ಟೇಷನ್ 2, ಅಂದ್ರೆ ಪಿಎಸ್2 ಅನ್ನೋ ಕನ್ಸೋಲ್‌ಗೆ ಬಂದಿದ್ದು, ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ನೋಬ್ಲೈಂಡ್ ಸ್ಟುಡಿಯೋಸ್ ಅನ್ನೋ ಸಣ್ಣ ಕಂಪನಿ ಮಾಡಿದ್ದು, ಮಾರಿದ್ದು ಇಂಟರ್‌ಪ್ಲೇ. ಇದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತೆ, 1974ರಲ್ಲಿ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಅಂತ ಇಬ್ರು ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ, ಅಂದ್ರೆ ನಾಲ್ಕು ಜನ ಟೇಬಲ್ ಸುತ್ತ ಕೂತು ದಾಳ ಉರುಳಿಸ್ಕೊಂಡು ಕತೆ ಕಟ್ತಾ ಆಡೋ ಆಟಕ್ಕೆ. ನೋಡಿ, ಇದರ ಮೂಲಾನೇ ಜನ ಸೇರಿಸೋದು.

ನಮ್ಮ ಮನೆಗೆ ಪಿಎಸ್2 ಬಂದಿದ್ದು 2007ರಲ್ಲಿ, ಚಿಕ್ಕಪ್ಪ ಬೆಂಗಳೂರಿಂದ ತಿಪಟೂರಿಗೆ ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ತಂದಿದ್ರು. ಡಿಸ್ಕುಗಳು ಒರಿಜಿನಲ್ ಅಲ್ಲ ಅನ್ನೋದನ್ನ ಈಗ ಒಪ್ಕೋತೀನಿ, ಆಗ ಒರಿಜಿನಲ್ ಅಂತ ಒಂದಿರುತ್ತೆ ಅಂತಾನೇ ನಮಗೆ ಗೊತ್ತಿರ್ಲಿಲ್ಲ, ಬಿಳೀ ಡಿಸ್ಕ್ ಮೇಲೆ ಮಾರ್ಕರಲ್ಲಿ ಹೆಸರು ಬರೆದು ಕೊಡ್ತಿದ್ರು ಅಷ್ಟೇ. ಕ್ರಿಕೆಟ್ಟು, ಕಾರ್ ರೇಸು ಆಡಿ ಬೇಜಾರಾದಾಗ ಅದ್ರಲ್ಲಿ ಒಂದನ್ನ, ಅಂದ್ರೆ ಈ ಡಾರ್ಕ್ ಅಲಯನ್ಸ್‌ನ, ಹಾಕಿದ್ವಿ. ಮೂರು ಜನ ವೀರರು ಬಂದ್ರು, ವಾನ್ ಅನ್ನೋ ಬಿಲ್ಲುಗಾರ, ಏಡ್ರಿಯಾನ ಅನ್ನೋ ಮಾಟಗಾತಿ, ಕ್ರಾಮ್ಲೆಕ್ ಅನ್ನೋ ಕುಳ್ಳ. ನಾವು ಅವನನ್ನ ಗಡ್ಡಪ್ಪ ಅಂತಿದ್ವಿ. ಇಬ್ರು ಆಡೋದ್ರಿಂದ ಒಬ್ಳನ್ನ ಬಿಡ್ಲೇಬೇಕಿತ್ತು, ಏಡ್ರಿಯಾನ ಹುಡುಗಿ ಅಂತ ಇಬ್ರೂ ಮುಟ್ಲಿಲ್ಲ, ಆ ವಯಸ್ಸಿನ ದಡ್ಡತನ. ಈಗ ಆಡಿ ನೋಡಿದ್ರೆ ಮೂವರಲ್ಲಿ ಮಜ ಇರೋದು ಅವಳದ್ದೇ.

ಹೋದ ಯುಗಾದಿಗೆ ನನ್ನ ತಮ್ಮ, ಅದೇ ಚಿಕ್ಕಪ್ಪನ ಮಗ, ಪುಣೆಯಿಂದ ಬಂದಾಗ ಅಟ್ಟದ ಮೇಲಿಂದ ಡಬ್ಬ ಇಳಿಸಿದ್ವಿ. ಮೊದಲನೇ ಸಂಕಟ, ಹೊಸ ಟೀವಿಲಿ ಹಳದಿ ಬಿಳಿ ಕೆಂಪು ಪಿನ್ ಚುಚ್ಚೋಕೆ ತೂತೇ ಇಲ್ಲ. ಕನ್ವರ್ಟರ್ ತಂದ್ವಿ, ಚಿತ್ರ ಬಂತು, ಆದ್ರೆ ಬಟನ್ ಒತ್ತಿದ ಮೇಲೆ ಗಡ್ಡಪ್ಪ ಸ್ವಲ್ಪ ಯೋಚನೆ ಮಾಡಿ ಆಮೇಲೆ ಕೊಡಲಿ ಬೀಸ್ತಾನೆ. ಯಾಕೆ ಅಂದ್ರೆ ಪಿಎಸ್2 ಕಳಿಸೋದು ಬರೀ ಕೆಲವೇ ನೂರು ಗೆರೆಯ ಹಳೇ ಸಿಗ್ನಲ್ಲು, ಎಲ್‌ಇಡಿ ಟೀವಿ ಅದನ್ನ ಹಿಡ್ಕೊಂಡು ದೊಡ್ಡದು ಮಾಡಿ ತನ್ನ ಪರದೆಗೆ ಹೊಂದಿಸಿ ಆಮೇಲೆ ತೋರಿಸುತ್ತೆ, ಆ ಲೆಕ್ಕಾಚಾರಕ್ಕೆ ಹಿಡಿಯೋ ಕ್ಷಣಗಳೇ ಈ ತಡ. ಹಳೇ ಡಬ್ಬ ಟೀವಿಗೆ ಆ ತಾಪತ್ರಯ ಇಲ್ಲ, ಬಂದ ಗೆರೆಯನ್ನ ಬಂದ ಹಾಗೇ ಗಾಜಿನ ಮೇಲೆ ಗೀಚ್ಕೊಂಡು ಹೋಗುತ್ತೆ. ಕೊನೆಗೆ ಗುಜರಿ ಅಂಗಡಿಲಿ 400 ರೂಪಾಯಿಗೆ ಒಂದು 21 ಇಂಚಿನ ಡಬ್ಬ ಟೀವಿ ಸಿಕ್ತು, ಅದನ್ನ ಟೀವಿಎಸ್ ಹಿಂದೆ ಕಟ್ಕೊಂಡು ಬರುವಾಗ ಬೀದಿಲಿ ಎಲ್ರೂ ನಿಂತು ನೋಡಿದ್ರು, ಇವನಿಗೆ ಏನಾಯ್ತಪ್ಪ ಅಂತ.

ಮೆಮೊರಿ ಕಾರ್ಡಲ್ಲಿ ನಮ್ಮ ಹಳೇ ಸೇವ್, ಅಂದ್ರೆ ಆಟ ನಿಲ್ಲಿಸಿದ ಜಾಗದ ಗುರುತು, ಹಾಗೇ ಇತ್ತು. 8 ಎಂಬಿ ಕಾರ್ಡು ಸ್ವಾಮಿ, ಇವತ್ತು ವಾಟ್ಸಾಪಲ್ಲಿ ಬರೋ ಒಂದು ಗುಡ್ ಮಾರ್ನಿಂಗ್ ವಿಡಿಯೋ ಅದಕ್ಕಿಂತ ದೊಡ್ಡದಿರುತ್ತೆ. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆ ಅಪ್ಪ ಕನ್ಸೋಲ್‌ನ ಅಟ್ಟಕ್ಕೆ ಹಾಕಿದ ದಿನ ನಾವು ಕೊನೇ ಕೋಟೆ ಆನಿಕ್ಸ್ ಟವರ್ ಒಳಗಿದ್ವಿ. ಅಂದ್ರೆ ಆಟದ ಕೊನೆ ಏನು ಅಂತ ಇಬ್ರಿಗೂ ಈವರೆಗೆ ಗೊತ್ತಿರ್ಲಿಲ್ಲ. ಅಲ್ಲಿಂದಾನೇ ಮುಂದುವರ್ಸೋಣ ಅಂದ್ರೆ ಕೈಗೆ ಅಭ್ಯಾಸ ತಪ್ಪಿ ಐದು ನಿಮಿಷಕ್ಕೆ ಸತ್ವಿ, ಆ ಸೇವ್‌ನ ಅಳಿಸದೆ ಪಕ್ಕಕ್ಕಿಟ್ಟು ಮೊದಲಿಂದ ಶುರು ಮಾಡಿದ್ವಿ.

ಈಗ ವಿಷಯಕ್ಕೆ ಬರ್ತೀನಿ. ಈ ಆಟದಲ್ಲಿ ಇಬ್ರು ಆಡಿದ್ರೂ ಪರದೆ ಎರಡು ಭಾಗ ಆಗಲ್ಲ. ಮೇಲಿಂದ ನೋಡೋ ಒಂದೇ ಕ್ಯಾಮೆರಾ, ಆ ಒಂದೇ ಚೌಕಟ್ಟೊಳಗೆ ಇಬ್ರೂ ಇರ್ಬೇಕು. ನಾನು ಬಲಕ್ಕೆ ಓಡಿ ಅವನು ಎಡದಲ್ಲೇ ನಿಂತ್ರೆ ಪರದೆ ಅಂಚು ಗೋಡೆ ಥರ ಆಗಿ ನನ್ನನ್ನ ತಡೆಯುತ್ತೆ. ಎತ್ತು ಏರಿಗೆ ಕೋಣ ನೀರಿಗೆ ಅಂತಾರಲ್ಲ, ನಿಜವಾಗ್ಲೂ ಒಂದೇ ನೊಗಕ್ಕೆ ಕಟ್ಟಿದ ಹಾಗೆ. ಇದು ಯಾರೋ ನೀತಿಪಾಠಕ್ಕೆ ಅಂತ ಮಾಡಿದ್ದಲ್ಲ, ಆ ಮಷೀನಿನ ಯೋಗ್ಯತೆ ಅಷ್ಟೇ ಇದ್ದಿದ್ದು ಅನ್ಸುತ್ತೆ, 32 ಎಂಬಿ ಮೆಮೊರಿ, 300 ಮೆಗಾಹರ್ಟ್ಸೂ ಮುಟ್ಟದ ಪ್ರೊಸೆಸರ್ರು. ಪರದೆ ಸೀಳಿದ್ರೆ ಅದೇ ಜಾಗನ ಎರಡು ಸಲ ಎರಡು ಕಡೆಯಿಂದ ಬರೀಬೇಕು, ಆಗ ಈ ಚೆಂದ ಉಳೀತಿರ್ಲಿಲ್ಲ. ಆ ಚೆಂದ ಅಂದ್ರೆ ಮುಖ್ಯವಾಗಿ ನೀರು. ಊರಿನ ಕೆಳಗಿನ ಚರಂಡಿ ಸುರಂಗದಲ್ಲಿ ನಡೆದ್ರೆ ಕಾಲ ಸುತ್ತ ಅಲೆ ಎದ್ದು ಗೋಡೆಗೆ ಬಡಿದು ವಾಪಸ್ ಬರುತ್ತೆ, 2001ರಲ್ಲಿ ಈ ನೀರಿನ ಬಗ್ಗೆನೇ ಜನ ಮಾತಾಡ್ತಿದ್ರಂತೆ. ನಮ್ಮಜ್ಜಿ ಕೂಡ ಆಗ ಎಲೆ ಅಡಿಕೆ ಹಾಕ್ಕೊಂಡು ಹಿಂದೆ ಕೂತು ನೋಡ್ತಾ, ಆ ರಾಕ್ಷಸನ್ನ ಬಿಡ್ರೋ, ನೀರಲ್ಲಿ ಇನ್ನೊಂದು ಸಲ ಓಡಾಡ್ರೋ ಅಂತಿದ್ರು.

ಒಬ್ಬನನ್ನ ಬಿಟ್ಟು ಇನ್ನೊಬ್ಬ ಹೋಗೋಕಾಗಲ್ಲ ಅಂದಾಗ ಏನಾಗುತ್ತೆ ಅಂದ್ರೆ ಮಾತು ಶುರುವಾಗುತ್ತೆ. ಈ ಕಡೆ ಬಾ, ನಿಲ್ಲು, ಪೆಟ್ಟಿಗೆ ಒಡೀತೀನಿ, ನಿಂಗೆ ಮದ್ದು ಇದ್ಯಾ, ನನ್ ಚೀಲ ತುಂಬಿದೆ. ಚೀಲದ್ದು ಒಂದು ದೊಡ್ಡ ರಾಮಾಯಣ, ಯಾರಿಗೆ ಎಷ್ಟು ಶಕ್ತಿ ಇದ್ಯೋ ಅಷ್ಟೇ ತೂಕ ಹೊರೋಕಾಗೋದು. ಗಡ್ಡಪ್ಪ ಕಬ್ಬಿಣದ ಅಂಗಡಿನೇ ಹೊತ್ಕೊಂಡು ನಡೀತಾನೆ, ಬಿಲ್ಲುಗಾರನಿಗೆ ಎರಡು ಕವಚ ಸೇರಿದ್ರೆ ಏದುಸಿರು. ಒಬ್ಬನ ಚೀಲ ತುಂಬಿದ್ರೆ ಇಬ್ರೂ ರೀಕಾಲ್ ಮದ್ದು ಕುಡಿದು ಊರಿಗೆ ವಾಪಸ್ ಹೋಗಿ ಬಾರ್ಟ್ಲಿ ಅನ್ನೋ ವ್ಯಾಪಾರಿಗೆ ಮಾರಿ ಬರ್ಬೇಕು. ಅಲ್ಲಿ ಬಂದ ದುಡ್ಡಲ್ಲಿ ಯಾರಿಗೆ ಮೊದಲು ಒಳ್ಳೇ ಆಯುಧ ಅನ್ನೋದಕ್ಕೆ ನಾವು 2008ರಲ್ಲಿ ಎರಡು ದಿನ ಮಾತು ಬಿಟ್ಟಿದ್ವಿ. ಈ ಸಲ ತಮ್ಮ ತಾನಾಗೇ ನೀನೇ ತಗೋ ಅಂದ, ಅದೇನೋ ನನಗೆ ಸರಿ ಅನ್ನಿಸ್ಲಿಲ್ಲ, ಜಗಳ ಆಡಿ ತಗೊಂಡಿದ್ರೆನೇ ಚೆನ್ನಾಗಿರ್ತಿತ್ತು.

ಇನ್ನೊಂದು ತಮಾಷೆ ಅಂದ್ರೆ ನಾವು ಕನ್ನಡ ಮೀಡಿಯಂ ಹುಡುಗ್ರು, ಆಗ ಯಾರಾದ್ರೂ ಮಾತಾಡಕ್ಕೆ ಬಂದ್ರೆ ಎಕ್ಸ್ ಬಟನ್ ಒತ್ತಿ ಒತ್ತಿ ಮುಗಿಸ್ತಿದ್ವಿ. ಎಲ್ಫ್‌ಸಾಂಗ್ ಅನ್ನೋ ಹೆಂಡದಂಗಡಿಯ ಒಡತಿ ಅಲಿತ್ ನೆಲಮಾಳಿಗೆಲಿ ಇಲಿ ಕಾಟ ಅಂತ ಹೇಳ್ತಾಳೆ, ನಮಗೆ ಅವಳು ಹೇಳಿದ್ದು ಅರ್ಥ ಆಗಿದ್ದು ಇಲಿ ಕಂಡ ಮೇಲೆ. ಕಳ್ಳರ ಗುಂಪಿನ ನಾಯಕ ಜ್ಯಾಂಟಮ್, ಗಾಳಿಲಿ ತೇಲೋ ಉಂಡೆ, ಮಧ್ಯ ಒಂದು ದೊಡ್ಡ ಕಣ್ಣು, ತಲೆ ಮೇಲೆ ಕೊಂಬಿನ ಥರ ಇನ್ನಷ್ಟು ಕಣ್ಣು, ಅವನು ನಮಗೆ ಬರೀ ಕಣ್ಣುಗುಡ್ಡೆ. ಈ ಸಲ ಪ್ರತಿಯೊಂದು ಮಾತೂ ಕೇಳಿದ್ವಿ. ಕೊನೇ ಶತ್ರು ಎಲ್ಡ್ರಿತ್‌ನ ನಾವು ಯಾವ್ದೋ ದೆವ್ವ ಅಂದ್ಕೊಂಡಿದ್ವಿ, ನೋಡಿದ್ರೆ ಅವಳು ಒಂದ್ಕಾಲದಲ್ಲಿ ಆ ಊರಿನದೇ ಸೇನೆ ನಡೆಸಿದೋಳು, ಯುದ್ಧದ ಮಧ್ಯೆ ಇನ್ನಷ್ಟು ಸೈನ್ಯ ಕಳಿಸಿ ಅಂತ ಕೇಳಿದ್ರೆ ಊರಿನ ದೊಡ್ಡೋರು ಕಳಿಸ್ಲಿಲ್ಲ, ಆ ಸಿಟ್ಟಲ್ಲಿ ಊರಿನ ಮೇಲೇ ತಿರುಗಿಬಿದ್ದೋಳು. ಇದು ಗೊತ್ತಾದಾಗ ತಮ್ಮ ಕಂಟ್ರೋಲರ್ ಕೆಳಗಿಟ್ಟು, ಪಾಪ ಅವಳದ್ದೂ ನ್ಯಾಯ ಇದೆ ಅಲ್ವಾ ಅಂದ. ಹಾಗಂತ ಹೊಡೆಯೋದೇನು ಬಿಡ್ಲಿಲ್ಲ.

ಆಟ ಪರಿಪೂರ್ಣ ಏನಲ್ಲ, ಹಳೇದು ಅಂತ ಹೊಗಳೋಕೆ ನಾನು ಕೂತಿಲ್ಲ. ಮೂರೇ ಅಂಕ. ಮೊದಲನೇದು ಊರು ಮತ್ತು ಚರಂಡಿ, ಅದು ಬಂಗಾರ. ಎರಡನೇದು ಹಿಮದ ಬೆಟ್ಟ, ಅಲ್ಲಿ ಒಂದು ಹಿಮ ಡ್ರ್ಯಾಗನ್ ಇದೆ, ಅದು ಬಿಟ್ರೆ ಬಿಳೀ ಬಣ್ಣ ನೋಡಿ ನೋಡಿ ಕಣ್ಣು ನೋವು. ಮೂರನೇದರ ಜೌಗು ಅಂತೂ ಅವಸರದಲ್ಲಿ ಮುಗಿಸಿದ ಹಾಗಿದೆ. ನಾಲ್ಕು ರಾತ್ರಿಗೆ ಮುಗೀತು. ಮುಗಿದಾಗ ಏನು ಸಿಕ್ತು ಅಂದ್ರೆ ಮುಂದುವರಿಯುವುದು ಅನ್ನೋ ಥರದ ಕೊನೆ, ಹದಿನೇಳು ವರ್ಷ ಕಾದಿದ್ದಕ್ಕೆ ಇದಾ ಅಂತ ಇಬ್ರೂ ನಕ್ವಿ. ಎರಡನೇ ಭಾಗ 2004ರ ಜನವರಿಲಿ ಬಂತು, ಬೇರೆ ತಂಡ ಬ್ಲ್ಯಾಕ್ ಐಲ್ ಮಾಡಿದ್ದು, ಅದು ಅಂಗಡಿಗೆ ಬರೋ ಹೊತ್ತಿಗೆ ಆ ತಂಡವನ್ನೇ ಮುಚ್ಚಿದ್ರು, 2003ರ ಡಿಸೆಂಬರಲ್ಲಿ. ಅಲ್ಲಿಗೆ ಆ ಕತೆ ನಿಂತೋಯ್ತು.

ನೀವು ಕೇಳ್ಬಹುದು, ಈಗ ಇಂಥಾ ಆಟ ಇಲ್ವಾ ಅಂತ. ಪೂರ್ತಿ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಇದೇ ಆಟನ 2021ರಲ್ಲಿ ಹೊಸ ಕನ್ಸೋಲ್‌ಗಳಿಗೆ ಮತ್ತೆ ಬಿಟ್ರು, 30 ಡಾಲರ್ರು, ಇಪ್ಪತ್ತು ವರ್ಷದ ಸರಕಿಗೆ ಜಾಸ್ತಿನೇ ಅನ್ನಿ. ಅದೇ ವರ್ಷ ಇಬ್ರು ಇಲ್ದಿದ್ರೆ ಶುರುನೇ ಆಗದ ಇಟ್ ಟೇಕ್ಸ್ ಟೂ ಅನ್ನೋ ಸ್ವೀಡನ್ ತಂಡದ ಆಟಕ್ಕೆ ವರ್ಷದ ಅತ್ಯುತ್ತಮ ಆಟ ಅಂತ ಪ್ರಶಸ್ತಿನೂ ಬಂತು. ಆದ್ರೆ ಹೆಚ್ಚಿನವು ಹೇಗೆ ಅಂದ್ರೆ ನಿಂದು ನಿನ್ನ ಮನೇಲಿ, ನಂದು ನಮ್ಮ ಮನೇಲಿ, ಇಬ್ರಿಗೂ ಬೇರೆ ಬೇರೆ ಮಷೀನು, ಬೇರೆ ಬೇರೆ ಡಿಸ್ಕು, ಮೇಲಿಂದ ಆನ್‌ಲೈನ್ ಆಡೋಕೆ ಚಂದಾ. 2023ರಲ್ಲಿ ಬೆಲ್ಜಿಯಂನ ಲೇರಿಯನ್‌ನೋರು ಬಾಲ್ಡರ್ಸ್ ಗೇಟ್ 3 ತಂದಾಗ ಪರದೆ ಸೀಳಿ ಇಬ್ರು ಆಡೋ ಸೌಲಭ್ಯ ಕೊಟ್ರು, ಆದ್ರೆ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಅನ್ನೋ ಕನ್ಸೋಲ್‌ನಲ್ಲಿ ಅದು ಓಡ್ಲಿಲ್ಲ, ಅದನ್ನ ತೆಗೆದೇ ಡಿಸೆಂಬರಲ್ಲಿ ಬಿಡ್ಬೇಕಾಯ್ತು. ಹೊಸ ಮಷೀನು ಆಗ ಮಾಡಕ್ಕಾಗ್ದೇ ಇದ್ದಿದ್ದನ್ನ ನಮ್ಮ ಪಿಎಸ್2 ಪರದೆ ಸೀಳದೇನೇ ನಿಭಾಯಿಸಿತ್ತು ಅಂತ ನಾನು ಬೀಗ್ತಿದ್ರೆ ತಮ್ಮ, ಅಣ್ಣಾ ಎರಡಕ್ಕೂ ಹೋಲಿಕೆನೇ ಇಲ್ಲ ಸುಮ್ನಿರು ಅಂದ. ಅವನು ಹೇಳಿದ್ದೂ ಸರೀನೇ. ಅವನ ಲ್ಯಾಪ್‌ಟಾಪಲ್ಲಿ ಮೂರನೇದನ್ನ ತೋರಿಸ್ದ, ಅಲ್ಲೂ ಅದೇ ಎಲ್ಫ್‌ಸಾಂಗ್ ಹೆಂಡದಂಗಡಿ ಇದೆ, ಮಹಡಿಲಿ ರೂಮು ಬಾಡಿಗೆಗೆ ಕೊಡ್ತಾರೆ. ಹಳೇ ಊರಿಗೆ ಬಸ್ಸಲ್ಲಿ ಹೋಗುವಾಗ ಪರಿಚಯದ ಅಂಗಡಿ ಬೋರ್ಡು ಕಂಡ ಹಾಗಾಯ್ತು.

ನನ್ನ ಕೋರಿಕೆ ಇಷ್ಟು. ಪ್ರತಿ ಶುಕ್ರವಾರ ಯಾವ ಸಿನಿಮಾ ಬಂದ್ರೂ ನಾಲ್ಕು ಕಾಲಂ ವಿಮರ್ಶೆ ಹಾಕ್ತೀರಿ, ಕೆಟ್ಟ ಸಿನಿಮಾ ಬಂತು ಅಂತ ಸಿನಿಮಾನೇ ಚಟ ಅಂತ ಬರೆಯಲ್ಲ. ಗೇಮಿಗೂ ತಿಂಗಳಿಗೊಂದು ಸಲ ಒಂದು ಮೂಲೆ ಕೊಡಿ, ಯಾವ ಆಟ ಇಬ್ರು ಕೂತು ಆಡ್ಬಹುದು, ಯಾವುದು ಜೇಬಿಗೆ ಕೈ ಹಾಕುತ್ತೆ, ಯಾವುದು ಎಷ್ಟು ವಯಸ್ಸಿನೋರಿಗೆ, ಅದನ್ನ ಕನ್ನಡದಲ್ಲಿ ಬರೆಯೋರು ಇದ್ದಾರೆ, ಹುಡುಕಿದ್ರೆ ಸಿಗ್ತಾರೆ. ಮಗನ ಕೈಗೆ ಮೊಬೈಲ್ ಕೊಡೋದಾ ಬಿಡೋದಾ ಅಂತ ತಲೆ ಕೆಡಿಸ್ಕೊಂಡಿರೋ ಅಪ್ಪ ಅಮ್ಮಂದಿರಿಗೆ ಚಟದ ಲೇಖನಕ್ಕಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತೆ. ಪತ್ರ ಉದ್ದ ಆಯ್ತು, ಕತ್ತರಿಸೋದಿದ್ರೆ ಡ್ರ್ಯಾಗನ್ನಿಂದು ಕತ್ತರಿಸಿ, ಅಜ್ಜಿದು ಬಿಡಿ.

ಕೊನೇದಾಗಿ ಒಂದು ಸ್ವಂತದ ಮಾತು. ತಮ್ಮ ಪುಣೆಗೆ ವಾಪಸ್ ಹೋದ, ದಸರಾ ರಜಕ್ಕೆ ಬರ್ತಾನೆ, ಅಷ್ಟರಲ್ಲಿ ಎರಡನೇ ಭಾಗದ ಡಿಸ್ಕು ಹುಡುಕಿಡು ಅಂತ ಹೇಳಿ ಹೋಗಿದಾನೆ, ಈ ಸಲ ಒರಿಜಿನಲ್ಲೇ ಬೇಕಂತೆ. ಜೊತೆಗೆ ಎರಡನೇ ಕಂಟ್ರೋಲರಿನ ಎಡಗಡೆ ಸ್ಟಿಕ್ಕು ಸವೆದು ಗಡ್ಡಪ್ಪ ತಾನಾಗೇ ಗೋಡೆ ಕಡೆ ನಡ್ಕೊಂಡು ಹೋಗ್ತಾನೆ. ತುಮಕೂರು, ಹಾಸನ ಕಡೆ ಅದನ್ನ ರಿಪೇರಿ ಮಾಡೋರು ನಿಮ್ಮ ಓದುಗರಿಗೆ ಯಾರಿಗಾದ್ರೂ ಗೊತ್ತಿದ್ರೆ ಇದೇ ಅಂಕಣದಲ್ಲಿ ತಿಳಿಸ್ಲಿ.

ಇಂತಿ,
ನಿಮ್ಮ ಹಳೇ ಓದುಗ,
ತಿಪಟೂರು