ಯಂತ್ರ ಬಂದರೆ ಸಾಲದು, ಅದು ಕೊಡುವ ಅಂಕಿಯನ್ನು ನಂಬುವಂತಿರಬೇಕು

ಮಾನ್ಯ ಸಂಪಾದಕರೇ,

ಕಳೆದ ಮಳೆಗಾಲದಲ್ಲಿ ನಮ್ಮ ನೆರೆಮನೆಯ ಹಿರಿಯರೊಬ್ಬರ ರಕ್ತ ಪರೀಕ್ಷೆಯ ವರದಿಯಲ್ಲಿ ಪೊಟ್ಯಾಸಿಯಂ 6.9 ಎಂದು ಬಂತು. ಅದು ನಿಜವಾಗಿದ್ದರೆ ಹೃದಯದ ಬಡಿತ ಯಾವ ಗಳಿಗೆಯಲ್ಲೂ ತಪ್ಪಬಹುದಾದ ಪ್ರಮಾಣ. ಮಗ ಆ ರಾತ್ರಿಯೇ ಬಾಡಿಗೆ ಕಾರು ಮಾಡಿ, ಸುರಿಯುವ ಮಳೆಯಲ್ಲಿ ತಂದೆಯನ್ನು ಪೆರ್ಲದಿಂದ ಮಂಗಳೂರಿಗೆ ಕರೆದೊಯ್ದ. ಅಲ್ಲಿ ಇಸಿಜಿಯಲ್ಲಿ ದೋಷವಿರಲಿಲ್ಲ. ಹೊಸದಾಗಿ ರಕ್ತ ತೆಗೆದು ನೋಡಿದಾಗ ಬಂದದ್ದು 4.2, ಅಂದರೆ ಸಹಜ ಪ್ರಮಾಣ. ಮರುದಿನ ವಿಚಾರಿಸಿದಾಗ ಕಾರಣ ತಿಳಿಯಿತು. ಬೆಳಿಗ್ಗೆ ಏಳಕ್ಕೆ ತೆಗೆದ ರಕ್ತವನ್ನು ಸೀರಂ (ಹೆಪ್ಪುಗಟ್ಟಿದ ರಕ್ತದಿಂದ ಸಿಗುವ ತಿಳಿದ್ರವ) ಬೇರ್ಪಡಿಸದೆ ಫ್ರಿಜ್ಜಿನಲ್ಲಿಟ್ಟು, ಮಧ್ಯಾಹ್ನ ಮಂಜುಗಡ್ಡೆಯ ಡಬ್ಬಿಯಲ್ಲಿ ಬೈಕಿನ ಹಿಂದೆ ಕಟ್ಟಿ ದೂರದ ಲ್ಯಾಬಿಗೆ ಕಳುಹಿಸಿದ್ದರು. ಹಾಗೆ ತಣ್ಣಗಿಟ್ಟ ರಕ್ತದಲ್ಲಿ ಕಣಗಳೊಳಗಿನ ಪೊಟ್ಯಾಸಿಯಂ ಮೆಲ್ಲಮೆಲ್ಲನೆ ಹೊರಕ್ಕೆ ಸೋರುತ್ತದೆ. ಯಂತ್ರ ತನ್ನ ಮುಂದಿದ್ದುದನ್ನು ಸರಿಯಾಗಿಯೇ ಅಳೆದಿತ್ತು, ಆದರೆ ಅದರ ಮುಂದಿದ್ದ ಸೀರಂ ಆ ಹಿರಿಯರ ದೇಹದಲ್ಲಿದ್ದ ಸ್ಥಿತಿಯಲ್ಲಿ ಉಳಿದಿರಲಿಲ್ಲ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಲ್ಯಾಬಿನಲ್ಲಿ ದುಡಿದು ನಿವೃತ್ತನಾದ ನನಗೆ ಇದು ಹೊಸ ಸಂಗತಿಯಲ್ಲ, ಆದರೂ ಆ ಮನೆಯವರ ಮುಖ ನೋಡಿದ ಮೇಲೆ ಬರೆಯದಿರಲು ಆಗಲಿಲ್ಲ. ಸಕ್ಕರೆಯ ವಿಷಯದಲ್ಲಿ ಇದಕ್ಕೆ ವಿರುದ್ಧವಾದ ತಪ್ಪು ನಡೆಯುತ್ತದೆ. ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬಿಗೆ ಹಾಕದೆ ರಕ್ತವನ್ನು ಸೆಕೆಯಲ್ಲಿ ಹಾಗೆಯೇ ಬಿಟ್ಟರೆ ಗಂಟೆಗೆ ನೂರಕ್ಕೆ ಐದರಿಂದ ಏಳರಷ್ಟು ಸಕ್ಕರೆಯನ್ನು ರಕ್ತಕಣಗಳೇ ತಿಂದುಹಾಕುತ್ತವೆ. ನಾಲ್ಕೈದು ಗಂಟೆ ಕಳೆದು ಬಂದ ವರದಿ ನೋಡಿ ನೆಮ್ಮದಿಯಿಂದ ಮನೆಗೆ ಹೋಗುವ ಮಧುಮೇಹಿಗೆ ತನ್ನ ನಿಜವಾದ ಸ್ಥಿತಿ ಗೊತ್ತಾಗುವುದೇ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಕುಟುಂಬ ಆರೋಗ್ಯ ಕೇಂದ್ರಗಳಿಗೆ ರಕ್ತ ಪರೀಕ್ಷಿಸುವ ಹೊಸ ಅನಲೈಸರುಗಳು ಬರುತ್ತಿರುವುದು ಸಂತೋಷದ ಸಂಗತಿ, ಮತ್ತು ಅವುಗಳ ಉದ್ಘಾಟನೆಯ ಚಿತ್ರಗಳನ್ನು ತಮ್ಮ ಪತ್ರಿಕೆಯೂ ಪ್ರಕಟಿಸಿದೆ. ಆದರೆ ಆ ಯಂತ್ರಕ್ಕೆ ಪ್ರತಿದಿನ ಬೆಳಿಗ್ಗೆ, ರೋಗಿಗಳ ಸ್ಯಾಂಪಲ್ ಹಾಕುವ ಮೊದಲು, ಮೌಲ್ಯ ತಿಳಿದಿರುವ ಕಂಟ್ರೋಲ್ ಸೀರಂ ಹಾಕಿ ನೋಡುತ್ತಾರೆಯೇ ಎಂದು ಉದ್ಘಾಟನೆಯ ದಿನ ಯಾರೂ ಕೇಳುವುದಿಲ್ಲ. 1950ರಲ್ಲಿ ಲೀವಿ ಮತ್ತು ಜೆನ್ನಿಂಗ್ಸ್ ಎಂಬಿಬ್ಬರು ಪ್ರಯೋಗಾಲಯಗಳಿಗೆ ಪರಿಚಯಿಸಿದ ಪದ್ಧತಿ ಬಹಳ ಸರಳ: ಗ್ರಾಫ್ ಹಾಳೆಯಲ್ಲಿ ಸರಾಸರಿಯ ಗೆರೆ, ಮೇಲೆ ಕೆಳಗೆ ಮಿತಿಯ ಗೆರೆಗಳು, ದಿನಕ್ಕೊಂದು ಚುಕ್ಕೆ. ನಾನಿದ್ದ ಲ್ಯಾಬಿನ ಗೋಡೆಯ ಮೇಲೆ ಅಂಥ ಹಾಳೆಯೊಂದು ಯಾವಾಗಲೂ ಇರುತ್ತಿತ್ತು. ಒಮ್ಮೆ ಎರಡು ವಾರಗಳ ಕಾಲ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ನಿನ ಚುಕ್ಕೆಗಳೆಲ್ಲ ಗೆರೆಯ ಒಂದೇ ಬದಿಗೆ ಬಿದ್ದವು. ಒಂದೂ ಮಿತಿ ದಾಟಿರಲಿಲ್ಲವಾದ್ದರಿಂದ ಅಂಕಿಗಳನ್ನು ಮಾತ್ರ ನೋಡಿದ್ದರೆ ಯಾರಿಗೂ ಸಂಶಯ ಬರುತ್ತಿರಲಿಲ್ಲ; ಚುಕ್ಕೆಗಳ ಸಾಲು ನೋಡಿ ಯಂತ್ರ ಬಿಚ್ಚಿಸಿದೆವು, ಒಳಗಿನ ದೀಪ ಮಂಕಾಗಿತ್ತು. ದೀಪ ಬದಲಿಸಿದ ಮರುದಿನ ಚುಕ್ಕೆ ಗೆರೆಯ ಹತ್ತಿರಕ್ಕೆ ಬಂತು. ಆ ಹಾಳೆಗೆ ತಗಲುವ ಖರ್ಚು ಎಷ್ಟು ಎಂದು ಓದುಗರೇ ಯೋಚಿಸಲಿ.

ಇದರ ಜೊತೆಗೆ ಹೊರಗಿನವರೊಡನೆ ತಾಳೆ ನೋಡುವ ಕ್ರಮವೂ ಬೇಕು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಬಹುಕಾಲದಿಂದ ದೇಶದ ಲ್ಯಾಬುಗಳಿಗೆ ಮೌಲ್ಯ ತಿಳಿಸದ ಸ್ಯಾಂಪಲುಗಳನ್ನು ಕಳುಹಿಸಿ, ಬಂದ ಉತ್ತರಗಳನ್ನು ಹೋಲಿಸಿ, ಯಾರು ಎಲ್ಲಿದ್ದಾರೆಂದು ತಿಳಿಸುತ್ತಿದೆ. ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್ ಕೂಡ, ವೈದ್ಯಕೀಯ ಲ್ಯಾಬುಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 15189ರ ಪೂರ್ಣ ಮಾನ್ಯತೆಯ ಎತ್ತರಕ್ಕೆ ಒಮ್ಮೆಗೇ ಏರಲಾರದ ಸಣ್ಣ ಲ್ಯಾಬುಗಳಿಗಾಗಿ 2019ರಲ್ಲಿ ಪ್ರವೇಶ ಹಂತದ ಯೋಜನೆಯೊಂದನ್ನು ಆರಂಭಿಸಿದೆ.

ಬಡ ದೇಶಗಳಿಗೆ ಇದೆಲ್ಲ ಸಾಧ್ಯವೇ ಎಂದು ಕೇಳುವವರಿಗೆ ಆಫ್ರಿಕಾದ ಅನುಭವವೇ ಉತ್ತರ. 2009ರಲ್ಲಿ ರುವಾಂಡದ ಕಿಗಾಲಿಯಲ್ಲಿ ಆರಂಭವಾದ ಸ್ಲಿಪ್ಟಾ ಮತ್ತು ಸ್ಲಮ್ಟಾ ಎಂಬ, ಲ್ಯಾಬುಗಳ ಗುಣಮಟ್ಟ ಹೆಚ್ಚಿಸುವ ಕಾರ್ಯಕ್ರಮಗಳಲ್ಲಿ ಲ್ಯಾಬುಗಳಿಗೆ ಸೊನ್ನೆಯಿಂದ ಐದರವರೆಗೆ ನಕ್ಷತ್ರ ಕೊಡುತ್ತಾರೆ. ನೂರಕ್ಕೆ 55ಕ್ಕಿಂತ ಕಡಿಮೆಯಾದರೆ ಒಂದೂ ಇಲ್ಲ, 95 ಮುಟ್ಟಿದರೆ ಐದು. ಲ್ಯಾಬಿನವರು ತರಬೇತಿ ಪಡೆದು ಊರಿಗೆ ಮರಳಿ, ತಮ್ಮಲ್ಲೇ ಇರುವ ಒಂದೊಂದು ದೋಷವನ್ನು ಗುರುತಿಸಿ ಸರಿಪಡಿಸಿ, ಮತ್ತೆ ಬಂದು ಲೆಕ್ಕ ಒಪ್ಪಿಸಬೇಕು. ಸೊನ್ನೆಯಿಂದ ಆರಂಭಿಸಿದವರನ್ನು ಅವಮಾನಿಸದೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುವ ಈ ಕ್ರಮ ನನಗೆ ಬಹಳ ಹಿಡಿಸಿತು. ಪಾಸು ಅಥವಾ ಫೇಲು ಎಂಬ ಎರಡೇ ಗೆರೆ ಎಳೆದರೆ ಸಣ್ಣ ಲ್ಯಾಬಿನವರು ತಪ್ಪನ್ನು ಮುಚ್ಚಿಡಲು ಕಲಿಯುತ್ತಾರೆ.

ಕೇರಳ-ಕರ್ನಾಟಕ ಗಡಿಯಲ್ಲಿರುವ ನಮಗೆ ಈ ಮಾತು ಇನ್ನಷ್ಟು ತುರ್ತಿನದು. 2018ರ ಮೇ ತಿಂಗಳಲ್ಲಿ ಕೋಝಿಕ್ಕೋಡಿನ ನಿಪಾ ರೋಗಿಗಳ ಸ್ಯಾಂಪಲುಗಳನ್ನು ಮಣಿಪಾಲದ ಪ್ರಯೋಗಾಲಯಕ್ಕೆ ಕಳುಹಿಸಿದ್ದರಿಂದಲೇ ರೋಗ ಬೇಗ ಪತ್ತೆಯಾಯಿತು. ಬಳಿಕ ಪುಣೆಯ ವೈರಾಣು ಸಂಸ್ಥೆ ಅದನ್ನು ದೃಢಪಡಿಸಿತು. ಎರಡೇ ವರ್ಷದಲ್ಲಿ, 2020ರ ಮಾರ್ಚಿನಲ್ಲಿ, ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ನಮ್ಮ ರೋಗಿಗಳ ಪಾಡು ಏನಾಯಿತೆಂಬುದನ್ನು ಈ ಜಿಲ್ಲೆಯವರು ಮರೆತಿಲ್ಲ. ಆ ಕಷ್ಟದ ದಿನಗಳಲ್ಲಿ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ ತನ್ನ ಪ್ರಯೋಗಾಲಯದಲ್ಲಿ ಕೋವಿಡ್ ಪರೀಕ್ಷೆ ಆರಂಭಿಸಿದ್ದನ್ನು ಕೃತಜ್ಞತೆಯಿಂದ ನೆನೆಯಬೇಕು. 2013ರಲ್ಲಿ ಶಿಲಾನ್ಯಾಸವಾದ ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜು ಜಿಲ್ಲೆಯ ಸಣ್ಣ ಲ್ಯಾಬುಗಳಿಗೆಲ್ಲ ಗುರುಮನೆಯಾಗಬೇಕೆಂಬುದು ನನ್ನ ಬಹುದಿನದ ಆಸೆ.

ಕೇರಳದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಗ್ರಾಮ ಪಂಚಾಯತುಗಳ ಸುಪರ್ದಿಯಲ್ಲಿವೆ. ಆದುದರಿಂದ ಮುಂದಿನ ವಾರ್ಷಿಕ ಯೋಜನೆಯಲ್ಲಿ ಎಣ್ಮಕಜೆ, ಬದಿಯಡ್ಕ, ಪುತ್ತಿಗೆ, ಪೈವಳಿಕೆ ಮುಂತಾದ ಪಂಚಾಯತುಗಳು ಕಂಟ್ರೋಲ್ ಸೀರಂ, ಹೊರಗಿನ ತಾಳೆಯ ಶುಲ್ಕ ಮತ್ತು ರಕ್ತ ಸಂಗ್ರಹಿಸುವಲ್ಲಿಯೇ ಸೀರಂ ಬೇರ್ಪಡಿಸುವ ಒಂದು ಸೆಂಟ್ರಿಫ್ಯೂಜ್, ಈ ಮೂರಕ್ಕೆ ಹಣ ತೆಗೆದಿಡಬೇಕೆಂದು ವಿನಂತಿಸುತ್ತೇನೆ. ಖಾಸಗಿ ಲ್ಯಾಬುಗಳು ರಕ್ತ ತೆಗೆದ ಗಂಟೆಯನ್ನೂ ಪರೀಕ್ಷಿಸಿದ ಗಂಟೆಯನ್ನೂ ವರದಿಯಲ್ಲಿ ನಮೂದಿಸಲಿ. ಇವೆರಡು ಗಂಟೆಗಳು ಪೆರ್ಲದ ಆ ವರದಿಯಲ್ಲಿ ಇದ್ದಿದ್ದರೆ ವೈದ್ಯರು ಕಾರಿನ ಬದಲು ಇನ್ನೊಂದು ಸ್ಯಾಂಪಲ್ ಕೇಳುತ್ತಿದ್ದರು.

ಇನ್ನೊಂದು ವಿನಂತಿ ಭಾಷೆಗೆ ಸಂಬಂಧಿಸಿದ್ದು. ಕ್ಷಯದ ಪರೀಕ್ಷೆಗೆ ಎದೆಯಾಳದಿಂದ ಕೆಮ್ಮಿ ತೆಗೆದ ಬೆಳಗಿನ ಕಫ ಬೇಕು. ಡಬ್ಬಿಯ ಜೊತೆ ಕೊಡುವ ಸೂಚನೆ ಓದಲು ಬಾರದ ಭಾಷೆಯಲ್ಲಿದ್ದರೆ ಕನ್ನಡವಷ್ಟೇ ಬಲ್ಲ ಅಜ್ಜಿ ಬಾಯಿಯ ಎಂಜಲನ್ನು ಡಬ್ಬಿಗೆ ಹಾಕಿ ಕೊಡುತ್ತಾಳೆ. ನಾನು ಇಂಥ ಡಬ್ಬಿಗಳನ್ನು ಎಷ್ಟೋ ಸಲ ಕೈಯಲ್ಲಿ ಹಿಡಿದು ನೋಡಿದ್ದೇನೆ: ನೀರಿನಂತೆ ತೆಳು, ಮೇಲೆ ನೊರೆ. ಅದನ್ನು ಎಷ್ಟು ಬೆಲೆಯ ಯಂತ್ರಕ್ಕೆ ಹಾಕಿದರೂ ರೋಗಾಣು ಇಲ್ಲವೆಂದೇ ಉತ್ತರ ಬರುವ ಸಂಭವ ಹೆಚ್ಚು, ಅಜ್ಜಿ ಕೆಮ್ಮುತ್ತಲೇ ಮೊಮ್ಮಕ್ಕಳ ನಡುವೆ ಮಲಗುತ್ತಾಳೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರನ್ನು ಹೆಸರಿಸಿಯೇ ಮಾನ್ಯ ಮಾಡಿದೆ. ಕಫದ ಡಬ್ಬಿ, ಹಸಿದ ಹೊಟ್ಟೆಯ ರಕ್ತ, ಮೂತ್ರದ ಸ್ಯಾಂಪಲ್, ಇವುಗಳ ಸೂಚನೆಯನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಒಂದು ಚೀಟಿಯಾಗಿ ಅಚ್ಚುಮಾಡಿಸಿ ಈ ಭಾಗದ ಎಲ್ಲ ಕೇಂದ್ರಗಳಲ್ಲಿ ಇಡುವಂತೆ ಜಿಲ್ಲಾ ವೈದ್ಯಾಧಿಕಾರಿಗಳನ್ನು ಕೇಳಿಕೊಳ್ಳುತ್ತೇನೆ. ಚೀಟಿಯ ಒಕ್ಕಣೆ ಬರೆದುಕೊಡಲು ನಾನು ಸಿದ್ಧನಿದ್ದೇನೆ.

ಇತಿ,
ನಿವೃತ್ತ ಲ್ಯಾಬ್ ಟೆಕ್ನೀಷಿಯನ್,
ಪೆರ್ಲ, ಕಾಸರಗೋಡು ಜಿಲ್ಲೆ